ವಾಟರ್ ರೆಸಿಸ್ಟೆಂಟ್ ಬೇರೆ, ವಾಟರ್‌ಪ್ರೂಫ್ ಬೇರೆ: ಫೋನಿನ ಐಪಿ ಅಂಕಿ ಓದುವುದರಿಂದ ಒದ್ದೆ ಫೋನ್ ಒಣಗಿಸುವವರೆಗೆ

ಫೋನು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವುದು ಐಪಿ ಅಂಕಿ. ಪೆಟ್ಟಿಗೆಯ ಮೇಲೆ ಐಪಿ68 ಎಂದು ಕಂಡರೆ ಸಾಕು, ಬಾಯಿಗೆ ಬರುವ ಮಾತು 'ವಾಟರ್‌ಪ್ರೂಫ್'. ತಯಾರಕರು ಮಾತ್ರ ಸಾಮಾನ್ಯವಾಗಿ ಆ ಪದದ ಹತ್ತಿರ ಸುಳಿಯುವುದಿಲ್ಲ. ಅವರು ಬರೆಯುವುದು 'ವಾಟರ್ ರೆಸಿಸ್ಟೆಂಟ್'. ವಾಟರ್‌ಪ್ರೂಫ್ ಎಂದರೆ ನೀರು ಒಳಗೆ ಹೋಗುವುದೇ ಇಲ್ಲ ಎಂಬ ಷರತ್ತಿಲ್ಲದ ಮಾತು. ವಾಟರ್ ರೆಸಿಸ್ಟೆಂಟ್ ಎಂದರೆ ಇಂಥ ನೀರಿನಲ್ಲಿ, ಇಷ್ಟು ಆಳದಲ್ಲಿ, ಇಷ್ಟು ಹೊತ್ತು, ಹೊಸ ಫೋನು ತಡೆದುಕೊಂಡಿದೆ ಎಂಬ ಷರತ್ತಿನ ಮಾತು. ನಾಲ್ಕರಲ್ಲಿ ಒಂದು ಷರತ್ತು ಬದಲಾದರೂ ಆ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಕೊನೆಯದಂತೂ ಫೋನ್ ಕೊಂಡ ಮರುದಿನದಿಂದಲೇ ಬದಲಾಗತೊಡಗುತ್ತದೆ.

ಹೆಜ್ಜೆ 1: ಅಂಕಿಯನ್ನು ಬಿಡಿಸಿ ಓದಿ

ಐಪಿ ಅಂಕಿಗಳ ಹಿಂದಿರುವುದು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡ. ಮೊದಲ ಅಂಕಿ ಧೂಳಿನದು, 0ರಿಂದ 6ರವರೆಗೆ. ಎರಡನೆಯದು ನೀರಿನದು, 0ರಿಂದ 9ರವರೆಗೆ. ಐಪಿಎಕ್ಸ್4 ಎಂಬಂತೆ ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಅದು ಸೊನ್ನೆಯಲ್ಲ. ಆ ವಿಷಯದಲ್ಲಿ ಏನನ್ನೂ ಹೇಳಿಲ್ಲ ಅಂತ ಅರ್ಥ. ಫೋನುಗಳ ಮಟ್ಟಿಗೆ ಬೇಕಾದ ನೀರಿನ ಅಂಕಿಗಳು ಇವು:

- 4: ಎಲ್ಲ ದಿಕ್ಕಿನಿಂದ ಎರಚುವ ನೀರು.
- 5: 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್‌ನಂತೆ ಬರುವ ಧಾರೆ.
- 6: 12.5 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 100 ಲೀಟರ್‌ನ ಜೋರು ಧಾರೆ.
- 7: 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸುವುದು.
- 8: 7ಕ್ಕಿಂತ ಕಠಿಣವಾದ ಮುಳುಗು ಪರೀಕ್ಷೆ. ಆಳ, ಹೊತ್ತು ಎರಡನ್ನೂ ತಯಾರಕರೇ ಹೇಳಬೇಕು.
- 9: 80 ಡಿಗ್ರಿ ಸೆಲ್ಸಿಯಸ್ ಬಿಸಿನೀರನ್ನು ಹತ್ತಿರದಿಂದ ಭಾರಿ ಒತ್ತಡದಲ್ಲಿ ಹಾಯಿಸುವುದು.

ಎಡವುವುದು 8ರ ಬಳಿ. ಗ್ಯಾಲಕ್ಸಿ ಎಸ್7 (2016) ಐಪಿ68, ಅದರ ಆಳ 1.5 ಮೀಟರ್. ಐಫೋನ್ ಎಕ್ಸ್‌ಎಸ್ (2018) ಕೂಡ ಐಪಿ68, ಅದಕ್ಕೆ 2 ಮೀಟರ್. ಐಫೋನ್ 12 (2020) ಸಹ ಐಪಿ68ವೇ, ಅಲ್ಲಿ 6 ಮೀಟರ್. ಹೊತ್ತು ಮೂರಕ್ಕೂ 30 ನಿಮಿಷ. ಆದ್ದರಿಂದ ಐಪಿ68 ಎಂದಷ್ಟೇ ನೋಡಿ ಎರಡು ಫೋನುಗಳನ್ನು ಹೋಲಿಸುವುದು ವ್ಯರ್ಥ. ತಯಾರಕರ ತಾಣದಲ್ಲಿ ಆ ಮಾದರಿಯ ವಿವರಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಸಾಲನ್ನು ಹುಡುಕಿ; ಮೀಟರ್ ಮತ್ತು ನಿಮಿಷ ಅಲ್ಲಿರುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆ: 8 ಇದ್ದರೆ 5, 6 ತಾನಾಗಿ ಇದ್ದೇ ಇರುತ್ತವೆ ಎಂಬುದು. 6ರವರೆಗಿನ ಅಂಕಿಗಳು ಮೆಟ್ಟಿಲಿನಂತೆ, ಮೇಲಿನದು ಕೆಳಗಿನದನ್ನೂ ಒಳಗೊಳ್ಳುತ್ತದೆ. 7 ಮತ್ತು 8 ಬೇರೆಯದೇ ಪರೀಕ್ಷೆಗಳು: ಅವುಗಳಲ್ಲಿ ನಿಂತ ನೀರು, 5 ಮತ್ತು 6ರಲ್ಲಿ ಹೊಡೆಯುವ ನೀರು. ಬರೀ ಐಪಿ68 ಇರುವ ಫೋನನ್ನು ನಲ್ಲಿಯ ಜೋರು ಧಾರೆಗೆ ಹಿಡಿಯಬಹುದು ಎಂದು ಆ ಅಂಕಿ ಎಲ್ಲೂ ಹೇಳುವುದಿಲ್ಲ. ಎರಡೂ ಪರೀಕ್ಷೆ ಮಾಡಿಸಿದವರು ಎರಡನ್ನೂ ಬರೆಯುತ್ತಾರೆ. 2013ರ ಸೋನಿ ಎಕ್ಸ್‌ಪೀರಿಯಾ ಝಡ್ ಮೇಲೆ ಐಪಿ55 ಮತ್ತು ಐಪಿ57 ಎಂದು ಜೋಡಿ ಅಂಕಿ ಇದ್ದದ್ದು, ಈಗಿನ ಕೆಲವು ಫೋನುಗಳ ಮೇಲೆ ಐಪಿ68 ಜೊತೆ ಐಪಿ69 ಕಾಣುವುದು ಇದೇ ಕಾರಣಕ್ಕೆ.

'ಮಿಲಿಟರಿ ದರ್ಜೆ' ಎಂಬ ಮಾತಿಗೆ ಮರುಳಾಗಬೇಡಿ. ಅದರ ಹಿಂದಿರುವ ಮಿಲ್-ಎಸ್‌ಟಿಡಿ-810 ಎಂಬ ಅಮೆರಿಕದ ಸೇನಾ ಮಾನದಂಡ ಹತ್ತಾರು ಪರೀಕ್ಷೆಗಳ ಕಂತೆ. ಅದರಲ್ಲಿ ಯಾವುದನ್ನು ಮಾಡಿಸಿದ್ದಾರೆ ಎಂದು ಹೇಳದಿದ್ದರೆ ನೀರಿನ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ.

ಹೆಜ್ಜೆ 2: ನೀರನ್ನು ತಡೆಯುವುದು ಯಾವುದೆಂದು ತಿಳಿಯಿರಿ

ಫೋನಿನ ಒಳಗೆ ಮಾಯದ ಗೋಡೆಯೇನೂ ಇಲ್ಲ. ಇರುವುದು ಅಂಟು, ರಬ್ಬರ್ ಮತ್ತು ತೆಳುವಾದ ಪೊರೆ.

ಪರದೆ ಮತ್ತು ಹಿಂಬದಿಯ ಗಾಜನ್ನು ಚೌಕಟ್ಟಿಗೆ ಹಿಡಿದಿಡುವುದು ಸುತ್ತಲೂ ಹಾಯುವ ಎರಡು ಬದಿಯ ಅಂಟುಪಟ್ಟಿ. ಅಗಲ ಒಂದೆರಡು ಮಿಲಿಮೀಟರ್ ಅಷ್ಟೇ. ಸಿಮ್ ಟ್ರೇ ತುದಿಯಲ್ಲಿ ರಬ್ಬರ್ ಉಂಗುರ, ಬಟನ್‌ಗಳ ಹಿಂದೆ ಮತ್ತು ಚಾರ್ಜಿಂಗ್ ಪೋರ್ಟಿನ ಸುತ್ತ ರಬ್ಬರ್ ಬಿಗಿಗಳು (ಸೀಲ್). ಮೈಕ್, ಸ್ಪೀಕರ್ ಮತ್ತು ಗಾಳಿಕಿಂಡಿಗೆ ಮಾತ್ರ ಇಷ್ಟು ಸಾಲದು. ಅಲ್ಲಿ ಗಾಳಿ ಆಡಲೇಬೇಕು. ಆ ತೂತುಗಳ ಹಿಂದೆ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಹಿಗ್ಗಿಸಿ ಮಾಡಿದ ಪೊರೆ ಇರುತ್ತದೆ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಗಾಳಿ ನುಸುಳುತ್ತದೆ, ನೀರಿನ ಹನಿ ತನ್ನದೇ ಮೇಲ್ಮೈ ಸೆಳೆತದಿಂದ ಉಂಡೆಗಟ್ಟಿ ಹೊರಗೇ ನಿಲ್ಲುತ್ತದೆ.

ಇದು ತಿಳಿದರೆ ಯಾವುದು ಯಾಕೆ ಕೆಡುತ್ತದೆ ಎಂಬುದು ತಾನೇ ಹೊಳೆಯುತ್ತದೆ. ಸೋಪು ಬೆರೆತ ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್‌ನಿಂದ 30ರ ಆಸುಪಾಸಿಗೆ ಇಳಿಯುತ್ತದೆ. ಅಂಥ ನೀರು ಉಂಡೆಗಟ್ಟದೆ ಪೊರೆಯನ್ನು ತೋಯಿಸಿಕೊಂಡು ಒಳಗಿಳಿಯುತ್ತದೆ. ಹಬೆಗೆ ಆ ಪೊರೆ ಅಡ್ಡಿಯೇ ಅಲ್ಲ, ಗಾಳಿಯ ದಾರಿಯಲ್ಲೇ ಹೋಗಿ ತಣ್ಣನೆಯ ಕ್ಯಾಮೆರಾ ಗಾಜಿನ ಒಳಬದಿಯಲ್ಲಿ ಮಂಜಾಗಿ ಕೂರುತ್ತದೆ. ನೀರಿಗೇ ತಾಗಿಸದ ಫೋನಿನ ಲೆನ್ಸ್ ಮಬ್ಬಾಗುವುದು ಹೀಗೆ. ಬಿಸಿನೀರಿನ ಸ್ನಾನದ ಕೋಣೆ ಕೊಳಕ್ಕಿಂತ ಕಡಿಮೆ ಅಪಾಯದ್ದು ಎಂದುಕೊಳ್ಳಬೇಡಿ.

ಒತ್ತಡದ ಲೆಕ್ಕವನ್ನೂ ಒಮ್ಮೆ ನೋಡಿ. 1 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 0.1 ಬಾರ್. 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಪರದೆಯ ಮೇಲೆ ಅದು ಹತ್ತು ಕಿಲೋಗಿಂತ ತುಸು ಹೆಚ್ಚಿನ ಭಾರಕ್ಕೆ ಸಮ. ಅಂಟು ಗಟ್ಟಿಯಿದ್ದರೆ ಈ ಭಾರ ಪರದೆಯನ್ನು ಚೌಕಟ್ಟಿಗೇ ಒತ್ತಿ ಬಿಗಿ ಮಾಡುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೆ ಅದೇ ಒತ್ತಡ ನೀರನ್ನು ಒಳಗೆ ದಬ್ಬುತ್ತದೆ. ಎತ್ತರದಿಂದ ಬಿದ್ದರೂ ಹೀಗೆಯೇ: 5 ಮೀಟರ್ ಎತ್ತರದಿಂದ ನೀರಿಗೆ ಬಿದ್ದ ಫೋನಿಗೆ ತಾಗುವ ಕ್ಷಣದ ಒತ್ತಡ ಕಡಿಮೆಯೆಂದರೂ 5 ಮೀಟರ್ ಆಳದ ಒತ್ತಡದ ಹತ್ತಿರ ಹೋಗುತ್ತದೆ. ನಿಂತ ನೀರಿನ 1.5 ಮೀಟರ್ ಭರವಸೆ ಅಲ್ಲಿ ಉಪಯೋಗಕ್ಕೆ ಬರದು.

ಶಾಖವೂ ಸೇರಿಕೊಳ್ಳುತ್ತದೆ. ಬಿಸಿಲಲ್ಲಿ 45 ಡಿಗ್ರಿಗೆ ಕಾದ ಫೋನು 20 ಡಿಗ್ರಿಯ ನೀರಿಗೆ ಬಿದ್ದರೆ ಒಳಗಿನ ಗಾಳಿ ತಣಿದು ಅದರ ಒತ್ತಡ ಸುಮಾರು ಶೇಕಡ 8ರಷ್ಟು ಇಳಿಯಲು ನೋಡುತ್ತದೆ. ಫೋನು ನೀರನ್ನು ಹೀರಿಕೊಳ್ಳಲು ಹವಣಿಸಿದಂತೆ ಅದು. ಲೆಕ್ಕದಲ್ಲಿ ಹೆಚ್ಚುವರಿ 80 ಸೆಂ.ಮೀ. ಆಳಕ್ಕೆ ಸಮ. ಮುಳುಗು ಪರೀಕ್ಷೆಯಲ್ಲಿ ನೀರಿಗೂ ಸಾಧನಕ್ಕೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದೆಂಬ ನಿಯಮ ಇರುವುದರಿಂದ ಈ ಪರಿಸ್ಥಿತಿ ಪ್ರಯೋಗಾಲಯದಲ್ಲಿ ಬರುವುದೇ ಇಲ್ಲ.

ಕಡಿಮೆ ದರ್ಜೆಯ ಫೋನುಗಳಲ್ಲಿ ಕೆಲವೊಮ್ಮೆ ಬಿಗಿಯ ಬದಲು 'ನ್ಯಾನೋ ಕೋಟಿಂಗ್' ಇರುತ್ತದೆ. ಅಲ್ಲಿ ನೀರು ಒಳಗೆ ಹೋಗುತ್ತದೆ, ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಅಂಟದೆ ಜಾರುತ್ತದೆ ಅಷ್ಟೇ. ತುಂತುರು ಮಳೆಗೆ ಸಾಕು, ಬಕೆಟ್ಟಿಗೆ ಸಾಲದು.

ಹೆಜ್ಜೆ 3: ನಿಮ್ಮ ಫೋನು ಈಗ ಹೇಗಿದೆ ನೋಡಿ

ಅಂಟು ಹಳೆಯದಾಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಫೋನು ಮೂಲೆಯ ಮೇಲೆ ಬಿದ್ದರೆ ಚೌಕಟ್ಟು ಸೊಟ್ಟಗಾಗಿ ಅಂಟುಪಟ್ಟಿ ಒಂದು ಕಡೆ ಬಿಡುತ್ತದೆ. ಕವರ್ ತೆಗೆದು ಈ ಪರೀಕ್ಷೆಗಳನ್ನು ಮಾಡಿ:

1. ದೀಪದ ಎದುರು ಫೋನನ್ನು ಓರೆಯಾಗಿ ಹಿಡಿದು ಪರದೆ ಮತ್ತು ಹಿಂಬದಿಯ ಅಂಚಿನ ಮೇಲೆ ಉಗುರು ಓಡಿಸಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ, ಅಥವಾ ಒತ್ತಿದಾಗ ಅಂಚು ಮೆಲ್ಲಗೆ ಕುಸಿದು ಮತ್ತೆ ಎದ್ದರೆ, ಅಂಟು ಬಿಟ್ಟಿದೆ.
2. ಪರದೆಯನ್ನು ಕೆಳಗೆ ಮಾಡಿ ಗಾಜಿನ ಮೇಜಿನ ಮೇಲಿಡಿ. ತೊನೆದಾಡಿದರೆ ಬ್ಯಾಟರಿ ಉಬ್ಬಿರಬಹುದು. ಉಬ್ಬಿದ ಬ್ಯಾಟರಿ ಪರದೆಯನ್ನು ಒಳಗಿನಿಂದ ಎತ್ತುತ್ತದೆ. ಅಂಥ ಫೋನಿನ ನೀರಿನ ಚಿಂತೆ ಬಿಡಿ, ಮೊದಲು ಬಳಕೆ ನಿಲ್ಲಿಸಿ ಬ್ಯಾಟರಿ ಬದಲಿಸಿ.
3. ಸಿಮ್ ಟ್ರೇ ಹೊರಗೆಳೆದು ರಬ್ಬರ್ ಉಂಗುರ ನೋಡಿ. ಹರಿದಿದೆಯೇ, ಜಾರಿದೆಯೇ, ಕೂದಲು ಅಥವಾ ಮರಳಿನ ಕಣ ಅಂಟಿದೆಯೇ? ಒಣಬಟ್ಟೆಯಿಂದ ಒರೆಸಿ, ಟ್ರೇ ಚೌಕಟ್ಟಿಗೆ ಸಮನಾಗುವವರೆಗೆ ಒತ್ತಿ. ಅರ್ಧ ಮಿಲಿಮೀಟರ್ ಹೊರಗೆ ನಿಂತ ಟ್ರೇ ಎಂದರೆ ತೆರೆದ ಬಾಗಿಲು.
4. ಟ್ರೇ ಹೊರಗಿರುವಾಗಲೇ ಆ ಕಿಂಡಿಗೆ ಟಾರ್ಚ್ ಬಿಡಿ. ಹಲವು ಮಾದರಿಗಳಲ್ಲಿ ಅಲ್ಲಿ ಬಿಳಿ ಅಥವಾ ಬೆಳ್ಳಿ ಬಣ್ಣದ ಸಣ್ಣ ಚುಕ್ಕೆ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಹಳೆಯ ಫೋನ್ ಕೊಳ್ಳುವವರು ಮೊದಲು ನೋಡಬೇಕಾದ ಜಾಗ ಇದೇ.
5. ವಾಯುಭಾರ ಸಂವೇದಕ ಇರುವ ಫೋನಾದರೆ ಅದರ ಅಂಕಿ ತೋರಿಸುವ ಆ್ಯಪ್ ತೆರೆದು ಫೋನನ್ನು ಮೇಜಿನ ಮೇಲೇ ಬಿಡಿ. ಒಂದು ಮಹಡಿ ಎತ್ತರಕ್ಕೇ ಸುಮಾರು 0.35 ಹೆಕ್ಟೋಪಾಸ್ಕಲ್ ಬದಲಾಗುವುದರಿಂದ ಕೈಯಲ್ಲಿ ಹಿಡಿದು ಎತ್ತಿ ಇಳಿಸಬೇಡಿ. ಎರಡು ಹೆಬ್ಬೆರಳಿನಿಂದ ಪರದೆಯ ನಡುವೆ ಮೆತ್ತಗೆ ಒತ್ತಿ. ಬಿಗಿ ಇರುವ ಫೋನಿನಲ್ಲಿ ಒಳಗಿನ ಗಾಳಿ ಅಮುಕಿ ಅಂಕಿ ಥಟ್ಟನೆ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಅಲುಗಾಡದಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದು ಅನುಮಾನಿಸಿ. ಅಂಕಿ ಏರಿತೆಂದು ಮಾತ್ರ ಫೋನನ್ನು ನೀರಿಗಿಳಿಸಬೇಡಿ; ಇದು ದೋಷ ಹಿಡಿಯುವ ಪರೀಕ್ಷೆ, ಪ್ರಮಾಣಪತ್ರ ಅಲ್ಲ.

ಬಕೆಟ್ಟಿನಲ್ಲಿ ಮುಳುಗಿಸಿ ಪರೀಕ್ಷಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಸೋತರೆ ಫೋನ್ ಹೋಯಿತು, ಗೆದ್ದರೆ ನಾಳೆಯ ಬಗ್ಗೆ ಏನೂ ತಿಳಿಯಲಿಲ್ಲ.

ಚಾರ್ಜಿಂಗ್ ಪೋರ್ಟು: ನಿಜವಾದ ದುರ್ಬಲ ಜಾಗ

ಪೋರ್ಟಿನ ಒಳಗಿನ ಲೋಹದ ಪಿನ್ನುಗಳು ಬಿಗಿಯ ಹೊರಗಿರುತ್ತವೆ. ಅಂದರೆ ಫೋನಿನ ಒಳಗೆ ಒಂದು ಹನಿ ಹೋಗದಿದ್ದರೂ ಪಿನ್ನು ಒದ್ದೆಯಾಗುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು ಶೇಕಡ 3.5 ಉಪ್ಪು, ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಅದರ ನಡುವೆ ಕೇಬಲ್ ಚುಚ್ಚಿದರೆ ಪಿನ್ನುಗಳ ನಡುವೆ ವಿದ್ಯುತ್ತು ಹರಿದು ಲೋಹ ಕರಗತೊಡಗುತ್ತದೆ. ಹಸಿರು ಅಥವಾ ಕಪ್ಪು ಕಲೆ, ಕೇಬಲ್ಲನ್ನು ಓರೆಯಾಗಿ ಹಿಡಿದರೆ ಮಾತ್ರ ಚಾರ್ಜ್ ಆಗುವುದು, ಕೊನೆಗೆ ಪೋರ್ಟೇ ಸುಟ್ಟುಹೋಗುವುದು, ಇದೇ ಕ್ರಮ.

2022ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟು ಅಲ್ಲಿನ ಸ್ಯಾಮ್‌ಸಂಗ್ ಕಂಪನಿಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿದ್ದು ಇದೇ ವಿಷಯಕ್ಕೆ. ಈಜುಕೊಳ, ಸಮುದ್ರದಲ್ಲಿ ಫೋನ್ ಬಳಸುವಂತೆ ಜಾಹೀರಾತು ತೋರಿಸಿತ್ತು. ಅಲ್ಲಿ ಒದ್ದೆಯಾದ ಫೋನನ್ನು ಒಣಗುವ ಮುನ್ನ ಚಾರ್ಜಿಗೆ ಹಾಕಿದರೆ ಪೋರ್ಟು ತುಕ್ಕು ಹಿಡಿಯುವ ಸಾಧ್ಯತೆ ಇತ್ತು. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೋ ದಂಡ ವಿಧಿಸಿದಾಗಲೂ ಆಕ್ಷೇಪ ಹೆಚ್ಚುಕಡಿಮೆ ಇಂಥದ್ದೇ: ಪ್ರಯೋಗಾಲಯದ ಶುದ್ಧ, ನಿಂತ ನೀರಿನ ಫಲಿತಾಂಶ ಎಂಬುದನ್ನು ಸ್ಪಷ್ಟವಾಗಿ ಹೇಳಲಿಲ್ಲ, ಮೇಲಾಗಿ ದ್ರವದಿಂದಾದ ಹಾನಿಗೆ ವಾರಂಟಿಯೂ ಇಲ್ಲ. ನಿಮ್ಮ ಫೋನಿನ ವಾರಂಟಿ ಕಾಗದದಲ್ಲೂ ಆ ಸಾಲು ಇರುವ ಸಂಭವವೇ ಹೆಚ್ಚು, ಹುಡುಕಿ ನೋಡಿ.

ಹೆಜ್ಜೆ 4: ಐಪಿ ರೇಟಿಂಗ್ ಇರುವ ಫೋನು ಒದ್ದೆಯಾದರೆ

1. ಹೊರತೆಗೆದ ತಕ್ಷಣ ಚಾರ್ಜರ್, ಇಯರ್‌ಫೋನ್ ಏನೇ ಇದ್ದರೂ ಕಿತ್ತು ಕವರ್ ತೆಗೆಯಿರಿ. ಚಾರ್ಜರ್ ಗೋಡೆಗೆ ಸಿಕ್ಕಿಸಿದ್ದರೆ ಮೊದಲು ಸ್ವಿಚ್ ಆರಿಸಿ.
2. ಉಪ್ಪುನೀರು, ಕೊಳದ ನೀರು, ಕಾಫಿ, ಜ್ಯೂಸ್, ಸೋಪುನೀರು ಆಗಿದ್ದರೆ ಒಣಗುವ ಮೊದಲೇ ಸಿಹಿನೀರಿನಲ್ಲಿ ತೊಳೆಯಬೇಕು. ನಲ್ಲಿಯನ್ನು ಸಣ್ಣಗೆ ಬಿಟ್ಟು, ನೀರು ಫೋನಿನ ಮೇಲೆ ಹರಿಯುವಂತೆ ಹಿಡಿಯಿರಿ. ತೂತುಗಳಿಗೆ ನೇರ ಧಾರೆ ಬೇಡ. ಒದ್ದೆ ಫೋನಿಗೆ ಮತ್ತೆ ನೀರೇ ಎಂದು ಮನಸ್ಸು ಹಿಂಜರಿಯುತ್ತದೆ, ಆದರೆ ನೀರು ಆರಿದ ಮೇಲೂ ಉಪ್ಪು, ಸಕ್ಕರೆ ಅಲ್ಲೇ ಕೂರುತ್ತವೆ. ಬರೀ ಸಿಹಿನೀರಿಗೆ ಬಿದ್ದಿದ್ದರೆ ಈ ಹೆಜ್ಜೆ ಬೇಡ.
3. ನೂಲು ಬಿಡದ ಮೆತ್ತನೆ ಬಟ್ಟೆಯಿಂದ ಒರೆಸಿ. ಸಿಮ್ ಟ್ರೇ ಈಗ ತೆರೆಯಬೇಡಿ, ಅಂಚಿನಲ್ಲಿ ನಿಂತ ಹನಿ ಒಳಗೆ ಜಾರುತ್ತದೆ.
4. ಪೋರ್ಟನ್ನು ಕೆಳಮುಖ ಮಾಡಿ ಫೋನನ್ನು ಅಂಗೈಗೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿ.
5. ಗಾಳಿಯಾಡುವ ಒಣ ಜಾಗದಲ್ಲಿ ಪೋರ್ಟ್ ಕೆಳಗಿರುವಂತೆ ಒರಗಿಸಿಡಿ. ಫ್ಯಾನಿನ ತಣ್ಣನೆ ಗಾಳಿ ಪೋರ್ಟಿನತ್ತ ಬೀಸಿದರೆ ಬೇಗ ಒಣಗುತ್ತದೆ.
6. ಅರ್ಧ ಗಂಟೆಯ ನಂತರ ಒಣಗಿದ ಕೇಬಲ್ ಹಾಕಿ ನೋಡಬಹುದು. ದ್ರವ ಇದೆ ಎಂಬ ಎಚ್ಚರಿಕೆ ಬಂದರೆ ಕಿತ್ತು ಮತ್ತೆ ಒಣಗಲು ಬಿಡಿ. ಪೂರ್ತಿ ಒಣಗಲು 24 ಗಂಟೆಯೂ ಬೇಕಾಗಬಹುದು. ಎಚ್ಚರಿಕೆಯನ್ನು ಕಡೆಗಣಿಸಿ ಚಾರ್ಜ್ ಮಾಡುವ ಆಯ್ಕೆ ಕೆಲವು ಫೋನುಗಳಲ್ಲಿದೆ, ಅದನ್ನು ಜೀವದ ತುರ್ತಿಗೆ ಮೀಸಲಿಡಿ.
7. ತುರ್ತಾಗಿ ಚಾರ್ಜ್ ಬೇಕಿದ್ದರೆ ಹಿಂಬದಿಯನ್ನು ಚೆನ್ನಾಗಿ ಒರೆಸಿ ವೈರ್‌ಲೆಸ್ ಚಾರ್ಜರ್ ಮೇಲಿಡಿ.

ಒಣಗಿದ ಮೇಲೂ ಎಚ್ಚರಿಕೆ ಹೋಗದಿದ್ದರೆ ಎರಡು ಸಾಧ್ಯತೆ: ಕೇಬಲ್ಲಿನ ತುದಿಯೇ ಒದ್ದೆ, ಅಥವಾ ಪಿನ್ನುಗಳ ಮೇಲೆ ಉಪ್ಪಿನ ಪದರ ಕೂತಿದೆ. ಬೇರೆ ಕೇಬಲ್ ಹಾಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಸ್ಪೀಕರ್ ಗೊಗ್ಗರು ದನಿಯಲ್ಲಿ ಮಾತಾಡಿದರೆ ಗಾಬರಿ ಬೇಡ, ಜಾಲರಿಯಲ್ಲಿ ನೀರು ನಿಂತಿದೆ. ಸ್ಪೀಕರ್ ಕೆಳಗೆ ಮಾಡಿ ಬಟ್ಟೆಯ ಮೇಲಿಟ್ಟರೆ ಇಳಿಯುತ್ತದೆ.

ಮಾಡಬಾರದವು: ಹೇರ್ ಡ್ರೈಯರ್ ಬಿಸಿ ಅಂಟನ್ನು ಸಡಿಲಿಸುತ್ತದೆ. ಒತ್ತಡದ ಗಾಳಿ ಹೊಡೆದರೆ ಹನಿ ಬಿಗಿ ದಾಟಿ ಒಳಗೆ ಹೋಗುತ್ತದೆ, ಪೊರೆಯೂ ಹರಿಯಬಹುದು. ಹತ್ತಿಕಡ್ಡಿ, ಪೇಪರ್ ತುರುಕಿದರೆ ಎಳೆ ಉಳಿಯುತ್ತದೆ. ಅಕ್ಕಿಯ ಡಬ್ಬಿಯಂತೂ ಬೇಡವೇ ಬೇಡ: ತೆರೆದ ಗಾಳಿಗಿಂತ ಅದು ಬೇಗ ಒಣಗಿಸುವುದಿಲ್ಲ, ಹಿಟ್ಟು ಮತ್ತು ನುಚ್ಚಿನ ಕಣ ಪೋರ್ಟಿಗೆ ಸೇರುತ್ತವೆ. ಆಪಲ್ ಕೂಡ 2024ರಲ್ಲಿ ತನ್ನ ಸಹಾಯ ಪುಟದಲ್ಲಿ ಅಕ್ಕಿ ಬೇಡ ಎಂದು ನೇರವಾಗಿ ಬರೆದಿದೆ.

ರೇಟಿಂಗ್ ಇಲ್ಲದ, ಅಥವಾ ಒಡೆದ ಫೋನು ಮುಳುಗಿದರೆ

ಇಲ್ಲಿ ನೀರು ಒಳಗೆ ಹೋಗಿದೆ ಎಂದೇ ಹಿಡಿದು ನಡೆಯಬೇಕು. ತಕ್ಷಣ ಸ್ವಿಚ್ ಆಫ್ ಮಾಡಿ. ಒರೆಸಿದ ಮೇಲೆ ಟ್ರೇ ಹೊರತೆಗೆಯಿರಿ, ಬಿಚ್ಚುವ ಬ್ಯಾಟರಿಯಿದ್ದರೆ ಅದನ್ನೂ ತೆಗೆಯಿರಿ. ಇಲ್ಲಿ ಟ್ರೇ ತೆರೆದಿಡುವುದು ಒಳಗಿನ ನೀರು ಹೊರಬರಲಿ ಎಂದು. ಬಿಗಿಯಿರುವ ಫೋನಿನ ಸಲಹೆಗೆ ಇದು ತಿರುವುಮುರುವು. ಈ ಫೋನನ್ನು ನೀರಿನಲ್ಲಿ ತೊಳೆಯಲೂ ಬೇಡಿ.

ಇಂಥ ಫೋನನ್ನು ಕೊಲ್ಲುವುದು ಹೆಚ್ಚಾಗಿ 'ಆನ್ ಮಾಡಿ ನೋಡೋಣ' ಎಂಬ ಕುತೂಹಲ. ಆಫ್ ಆಗಿದ್ದರೂ ಬ್ಯಾಟರಿಯಿಂದ ಬೋರ್ಡಿಗೆ ವೋಲ್ಟೇಜ್ ಇದ್ದೇ ಇರುತ್ತದೆ, ತುಕ್ಕು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಹಾಗಾಗಿ ಎರಡು ದಿನ ಒಣಗಿಸಿ ನೋಡುವುದಕ್ಕಿಂತ ಅದೇ ದಿನ ರಿಪೇರಿಯವರ ಕೈಗೆ ಕೊಡುವುದು ಮೇಲು. ಅವರು ಮಾಡಬೇಕಾದದ್ದು ಇಷ್ಟು: ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಳಚಿ, ಬೋರ್ಡಿನ ಲೋಹದ ಮುಚ್ಚಳಗಳ ಅಡಿಯಲ್ಲಿ ನೀರು ನಿಂತಿದೆಯೇ ನೋಡಿ, 99 ಶೇಕಡ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಮೆತ್ತನೆ ಬ್ರಷ್ಷಿನಲ್ಲಿ ತೊಳೆಯುವುದು. ಬಿಚ್ಚದೆ ಹೊರಗಿನಿಂದ ಬಿಸಿಗಾಳಿ ಹಿಡಿದು ವಾಪಸ್ ಕೊಟ್ಟರೆ ಕೆಲಸ ಆಗಿಲ್ಲ ಎಂದೇ ತಿಳಿಯಿರಿ. ಫೋನ್ ಬದುಕಿ ಬಂದರೆ ಮೊದಲ ಕೆಲಸ ಬ್ಯಾಕಪ್. ತುಕ್ಕು ವಾರಗಳ ನಂತರವೂ ತಲೆಯೆತ್ತಬಹುದು.

ಹೆಜ್ಜೆ 5: ರಿಪೇರಿಗೆ ಕೊಡುವಾಗ ಕೇಳಬೇಕಾದದ್ದು

ಪರದೆ ಅಥವಾ ಬ್ಯಾಟರಿ ಬದಲಿಸಲು ಫೋನ್ ಬಿಚ್ಚಿದ ಕ್ಷಣವೇ ಹಳೆಯ ಅಂಟುಪಟ್ಟಿ ಸತ್ತಿತು. ಅದನ್ನೇ ಮತ್ತೆ ಒತ್ತಿದರೆ ಹಿಡಿಯದು. ಆ ಮಾದರಿಗೆಂದೇ ಕತ್ತರಿಸಿದ ಹೊಸ ಪಟ್ಟಿ ಹಾಕುತ್ತೀರಾ ಎಂದು ಮೊದಲೇ ಕೇಳಿ. ಹಳೆಯ ಅಂಟನ್ನು ಪೂರ್ತಿ ಕೆರೆದು ಆಲ್ಕೋಹಾಲಿನಿಂದ ಒರೆಸಬೇಕು. ಒಂದು ಚೂರು ಉಳಿದರೂ ಅಲ್ಲಿ ಹೊಸ ಪಟ್ಟಿ ಎದ್ದು ನಿಂತು ಸಂದು ಬಿಡುತ್ತದೆ. ಹಾಕಿದ ಮೇಲೆ ಸುತ್ತಲೂ ಸಮನಾಗಿ ಕ್ಲಿಪ್ಪಿನಲ್ಲಿ ಒತ್ತಿಡಬೇಕು. ಟ್ಯೂಬಿನ ಬಿ-7000 ತರಹದ ಅಂಟು ಗಾಜನ್ನು ಹಿಡಿದುಕೊಳ್ಳುತ್ತದೆ, ಆದರೆ ಕಾರ್ಖಾನೆಯ ಬಿಗಿಯನ್ನು ಹಿಂದಿರುಗಿಸಿತು ಎನ್ನುವಂತಿಲ್ಲ. ಜಾಸ್ತಿಯಾದರೆ ಮೈಕಿನ ತೂತಿಗೂ ಇಳಿಯುತ್ತದೆ. ಒಳಗಿನ ಗಾಳಿ ಎಳೆದು ಸೋರಿಕೆ ನೋಡುವ ಯಂತ್ರ ಇರುವ ಕಡೆ ಆ ಪರೀಕ್ಷೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಆ ಫೋನಿಗೆ ಇನ್ನು ರೇಟಿಂಗ್ ಇಲ್ಲ ಎಂದೇ ಲೆಕ್ಕ ಹಾಕಿ ಬಳಸಿ.

ನೀರಿಗೆ ಒಯ್ಯಲೇಬೇಕಿದ್ದರೆ

ಪಾರದರ್ಶಕ ಚೀಲ ಬಳಸಿ, ಪ್ರತಿ ಪ್ರವಾಸಕ್ಕೂ ಮುನ್ನ ಖಾಲಿ ಚೀಲವನ್ನೇ ಪರೀಕ್ಷಿಸಿ. ಒಳಗೆ ಒಣ ಟಿಶ್ಯೂ ಪೇಪರ್ ಮತ್ತು ಭಾರಕ್ಕೆ ಒಂದೆರಡು ಚಮಚ ಇಟ್ಟು, ಬಾಯಿ ಮುಚ್ಚಿ, ಬಕೆಟ್ಟಿನ ತಳದಲ್ಲಿ ಅರ್ಧ ಗಂಟೆ ಮುಳುಗಿಸಿ. ತೆಗೆದ ಮೇಲೆ ಮೊದಲು ಹೊರಮೈ ಮತ್ತು ಬಾಯಿಯ ಸಂದನ್ನು ಚೆನ್ನಾಗಿ ಒರೆಸಿ, ಆಮೇಲೆ ತೆರೆಯಿರಿ. ಇಲ್ಲದಿದ್ದರೆ ಹೊರಗಿನ ಹನಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಟಿಶ್ಯೂವಿನ ಮೂಲೆ ತುಸು ಮೆತ್ತಗಾಗಿದ್ದರೂ ಆ ಚೀಲ ಬೇಡ. ನೀರಿನಡಿ ಟಚ್ ಸರಿಯಾಗಿ ಕೆಲಸ ಮಾಡುವುದಿಲ್ಲ, ನೀರೂ ಬೆರಳಿನಂತೆಯೇ ಪರದೆಗೆ ವಿದ್ಯುತ್ತಿನ ಸುಳಿವು ಕೊಡುತ್ತದೆ. ಕ್ಯಾಮೆರಾವನ್ನು ಮೇಲೆಯೇ ತೆರೆದಿಟ್ಟುಕೊಂಡು ವಾಲ್ಯೂಮ್ ಬಟನ್ ಒತ್ತಿ ಫೋಟೋ ತೆಗೆಯಿರಿ.